ಡಿಕ್ಷನರಿ ಟೆಸ್ಟ್ ಬರೆಯೋಕೆ ಪೈಟೆಸ್ಟ್: ಸಾದಾ ಅಸರ್ಟ್ ಸಾಕು

ಪೈಥಾನ್‌ನಲ್ಲಿ ಡಿಕ್ಷನರಿ (ಕೀ ಮತ್ತು ಅದರ ವ್ಯಾಲ್ಯೂ ಜೋಡಿಗಳ ಸಂಗ್ರಹ) ವಾಪಸ್ ಕೊಡುವ ಫಂಕ್ಷನ್‌ಗಳಿಗೆ ಯೂನಿಟ್ ಟೆಸ್ಟ್ ಬರೆಯುತ್ತಿದ್ದೀರಾ? ಧೈರ್ಯವಾಗಿ ಪೈಟೆಸ್ಟ್ ಅನ್ನುವ ಟೆಸ್ಟಿಂಗ್ ಟೂಲ್ ಹಾಕಿಕೊಳ್ಳಿ. ಪೈಥಾನ್ ಜೊತೆಗೇ ಬರುವ ಯೂನಿಟ್‌ಟೆಸ್ಟ್ ಲೈಬ್ರರಿಯಲ್ಲೂ ಎರಡು ಡಿಕ್ಷನರಿ ಹೋಲಿಸುವ ಅಸರ್ಟ್‌ಡಿಕ್ಟ್‌ಈಕ್ವಲ್ ಮೆಥಡ್ ಇದೆ, ಕೆಟ್ಟದ್ದೇನಲ್ಲ. ಆದರೆ ವ್ಯತ್ಯಾಸದ ವಿವರ 640 ಅಕ್ಷರ ದಾಟಿದರೆ ಅದನ್ನು ತೋರಿಸುವುದೇ ಇಲ್ಲ, ನೋಡಬೇಕಿದ್ದರೆ ಮ್ಯಾಕ್ಸ್‌ಡಿಫ್ (maxDiff) ಅನ್ನುವ ಮಿತಿ ಬದಲಿಸಿ ಅನ್ನುತ್ತದೆ.

ಪೈಟೆಸ್ಟ್‌ನಲ್ಲಿ ಮೆಥಡ್ ಹೆಸರು ನೆನಪಿಟ್ಟುಕೊಳ್ಳುವ ಕೆಲಸವೇ ಇಲ್ಲ. ಅಸರ್ಟ್ (assert, ಮುಂದಿನದು ನಿಜವಲ್ಲದಿದ್ದರೆ ಟೆಸ್ಟ್ ಫೇಲ್ ಮಾಡುವ ಪದ) ಅಂತ ಬರೆದು, ಬಂದ ಡಿಕ್ಷನರಿಯನ್ನೂ ಬರಬೇಕಾದ ಡಿಕ್ಷನರಿಯನ್ನೂ == ಹಾಕಿ ಹೋಲಿಸಿದರೆ ಆಯಿತು. ಬಿಲ್ ಡಿಕ್ಷನರಿಯಲ್ಲಿ ತೆರಿಗೆ ಒಂದೇ ತಪ್ಪಿದ್ದರೆ, ಸರಿಯಿರುವ ಕೀಗಳನ್ನೆಲ್ಲ ಬದಿಗಿಟ್ಟು ಆ ಒಂದು ಕೀಯ ಎರಡೂ ವ್ಯಾಲ್ಯೂ ತೋರಿಸುತ್ತದೆ, ಎಡಗಡೆ ಯಾವ ಕೀ ಜಾಸ್ತಿ ಇದೆ, ಬಲಗಡೆ ಯಾವುದು ಅಂತಲೂ ಬೇರೆ ಬೇರೆಯಾಗಿ ಹೇಳುತ್ತದೆ. ನನಗೆ ಇದೇ ತುಂಬಾ ಇಷ್ಟ. ಸುಮ್ನೆ ಓಡಿಸಿದರೆ ಉದ್ದದ ವಿವರ ಅರ್ಧಕ್ಕೇ ನಿಲ್ಲುತ್ತದೆ, ಪೂರ್ತಿ ಬೇಕಿದ್ದರೆ ಓಡಿಸುವಾಗ ಮೈನಸ್ ಹಾಕಿ ಎರಡು ಸಲ ವಿ (-vv) ಕೊಡಿ. ಇಡೀ ಡಿಕ್ಷನರಿ ಹೋಲಿಸುವ ಬದಲು ಒಂದೊಂದು ಕೀಗೂ ಒಂದೊಂದು ಅಸರ್ಟ್ ಬರೆಯಬೇಡಿ. ಮೊದಲನೆಯದು ಫೇಲ್ ಆದ ಕೂಡಲೇ ಟೆಸ್ಟ್ ಅಲ್ಲೇ ನಿಲ್ಲುತ್ತದೆ, ಯಾರಾದರೂ ಬೇಡದ ಕೀ ಸೇರಿಸಿದ್ದರೆ ಅದು ಸಿಗುವುದೂ ಇಲ್ಲ.

ಐಡಿ, ಸಮಯ ಇಂಥವು ಪ್ರತಿ ಸಲ ಬದಲಾಗುತ್ತವೆ ಅಲ್ವಾ, ಅಲ್ಲಿ ಯೂನಿಟ್‌ಟೆಸ್ಟ್‌ನ ಮಾಕ್‌ನಲ್ಲಿರುವ ಎನಿ (mock.ANY) ಇಟ್ಟರೆ ಯಾವ ವ್ಯಾಲ್ಯೂ ಬಂದರೂ ಹೊಂದುತ್ತದೆ. ದಶಮಾಂಶಕ್ಕೆ, ಸಣ್ಣ ವ್ಯತ್ಯಾಸವಿದ್ದರೂ ಸಮ ಅಂತ ಒಪ್ಪುವ ಪೈಟೆಸ್ಟ್‌ನದೇ ಅಪ್ರಾಕ್ಸ್ (approx) ಇದೆ, ಇಡೀ ಡಿಕ್ಷನರಿಗೇ ಸುತ್ತಬಹುದು. ಆದರೆ ಡಿಕ್ಷನರಿ ಒಳಗೆ ಇನ್ನೊಂದು ಡಿಕ್ಷನರಿ ಇದ್ದರೆ ಟೈಪ್‌ಎರರ್ ಕೊಡುತ್ತದೆ. ಎಪಿಐ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ದಾರಿ) ಡೇಟಾ ಬಹುತೇಕ ಹೀಗೆ ಒಂದರೊಳಗೊಂದು ಇರುವುದರಿಂದ ಇದು ನಿಜಕ್ಕೂ ದೊಡ್ಡ ಕೊರತೆ, ಒಳಗಿನ ಸಂಖ್ಯೆಗಳಿಗೆ ಒಂದೊಂದಾಗಿ ಅಪ್ರಾಕ್ಸ್ ಹಾಕಬೇಕು.

ಇನ್ನೊಂದು ಎಚ್ಚರ. ಪೈಥಾನ್ ಲೆಕ್ಕದಲ್ಲಿ ಟ್ರೂ ಮತ್ತು 1 ಸಮ. ಹಣ ಸಂದಾಯವಾಗಿದೆಯೇ ಅನ್ನುವ ಕೀಗೆ ಟ್ರೂ ಬದಲು 1 ಬಂದರೂ ಟೆಸ್ಟ್ ಪಾಸ್ ಆಗುತ್ತದೆ, ಜೇಸನ್ (JSON, ಡೇಟಾ ಕಳಿಸುವ ಪಠ್ಯ ರೂಪ) ಮಾಡಿ ಕಳಿಸುವಾಗ ಮಾತ್ರ ಎರಡೂ ಬೇರೆ. ಅಂಥ ಕೀಗೆ == ಬದಲು ಈಸ್ (is) ಬಳಸಿ ಪ್ರತ್ಯೇಕ ಅಸರ್ಟ್ ಬರೆಯಿರಿ. ಹೋಲಿಸುವ ಕೋಡನ್ನು ಬೇರೆ ಹೆಲ್ಪರ್ ಫೈಲ್‌ಗೆ ಹಾಕಿದರೆ ಈ ಚೆಂದದ ವಿವರ ಬರುವುದಿಲ್ಲ, ಪೈಟೆಸ್ಟ್‌ನ ರಿಜಿಸ್ಟರ್ ಅಸರ್ಟ್ ರೀರೈಟ್ (register_assert_rewrite) ಕೊಟ್ಟು ಆ ಫೈಲ್‌ನ ಮಾಡ್ಯೂಲ್ ಹೆಸರು ತಿಳಿಸಬೇಕು.

ಕೆಲವೇ ಕೀ ನೋಡಿದರೆ ಸಾಕು ಅನ್ನುವವರಿಗೆ ಯೂನಿಟ್‌ಟೆಸ್ಟ್‌ನಲ್ಲಿದ್ದ ಅಸರ್ಟ್‌ಡಿಕ್ಟ್‌ಕಂಟೇನ್ಸ್‌ಸಬ್‌ಸೆಟ್ ಪೈಥಾನ್ 3.12ರಿಂದ ಇಲ್ಲ. ಬಂದ ಡಿಕ್ಷನರಿಗೆ ಬೇಕಾದ ಕೀಗಳ ಡಿಕ್ಷನರಿಯನ್ನು ಪೈಪ್ (|) ಹಾಕಿ ಸೇರಿಸಿ, ಸೇರಿಸಿದ್ದು ಮೊದಲು ಬಂದ ಡಿಕ್ಷನರಿಯಂತೆಯೇ ಇದೆಯಾ ಅಂತ ಹೋಲಿಸಿ. 3.9ರಿಂದ ಇದು ನಡೆಯುತ್ತದೆ, ಫೇಲ್ ಆದರೆ ತಪ್ಪಿದ ಕೀ ಯಾವುದು ಅಂತಲೂ ಕಾಣುತ್ತದೆ.