ಹಳೇ ಕಿಮೋನೊ ಕೊಂಡವರೇ, ಅದನ್ನು ನೀರಿಗೆ ಹಾಕಬೇಡಿ

ಜಪಾನಿನ ಕ್ಯೋಟೋದ ತೋಜಿ ದೇವಸ್ಥಾನದ ಅಂಗಳದಲ್ಲಿ ಪ್ರತಿ ತಿಂಗಳು 21ಕ್ಕೆ ಸಂತೆ ಸೇರುತ್ತದೆ. ಹಳೇ ಕಿಮೋನೊಗಳನ್ನು ಗುಡ್ಡೆ ಹಾಕಿ ಮಾರುತ್ತಾರೆ. ಹೋದ ವರ್ಷ ಅಲ್ಲಿ ಒಂದು ಕುರೊತೊಮೆಸೊದೆ ತಗೊಂಡೆ. ಅಂದರೆ ಕಪ್ಪು ರೇಷ್ಮೆ, ಐದು ಕಡೆ ಮನೆತನದ ಬಿಳಿ ಮುದ್ರೆ, ಸೊಂಟದ ಮೇಲೆ ಬೇರೇನೂ ಇಲ್ಲ, ಚಿತ್ರವೆಲ್ಲ ಕೆಳಗಿನ ಅಂಚಿನಲ್ಲಿ. ನನ್ನದರಲ್ಲಿ ಪೈನ್ ಮರ, ಬಿಳಿ ಕ್ರೌಂಚ ಹಕ್ಕಿಗಳು. ಕ್ರೌಂಚಕ್ಕೆ ಸಾವಿರ ವರ್ಷ ಆಯಸ್ಸು ಅಂತಾರೆ, ಪೈನ್ ಚಳಿಗಾಲದಲ್ಲೂ ಹಸಿರು, ಹಾಗಾಗಿ ಮದುವೆಗೆ ಶುಭ. (ಇದನ್ನು ಉಡುವುದು ವಧೂವರರ ಹತ್ತಿರದ ನೆಂಟರ ಪೈಕಿ ಮದುವೆಯಾದ ಹೆಂಗಸರು. ನಾನು ಗೊತ್ತಿಲ್ಲದೆ ಚೆರ್ರಿ ಹೂವು ನೋಡಲು ಹೋಗುವಾಗ ಉಡೋಣ ಅಂದುಕೊಂಡಿದ್ದೆ!)

ಮಾರುವವನು ಹೇಳಿದ್ದು: "ಮೇಜಿ ಕಾಲದ್ದು (ಅಂದರೆ ನೂರು ವರ್ಷಕ್ಕೂ ಹಳೇದು), ಕೈಯಲ್ಲೇ ಬಿಡಿಸಿದ್ದು, ತಣ್ಣೀರಲ್ಲಿ ಒಗೆದರೆ ಏನೂ ಆಗಲ್ಲ." ಕರ್ಪೂರದ ವಾಸನೆ ತಡೆಯಲಾಗದೆ, ಅಮ್ಮ ಮೈಸೂರು ಸಿಲ್ಕ್ ಒಗೆಯುವ ಹಾಗೆ ಅಂಟುವಾಳದ ನೀರಲ್ಲಿ ಅದ್ದಿದೆ. ಐದೇ ನಿಮಿಷ. ಟಬ್ ತುಂಬಾ ಓಕುಳಿ.

ಹಳೇ ಕಿಮೋನೊಗಳ ಒಳಗೆ ಎಷ್ಟೋ ಸಲ ಮೊಮಿ ಅನ್ನುವ ಕೆಂಪು ರೇಷ್ಮೆ ಅಸ್ತರು ಇರುತ್ತದೆ. ಆ ಕೆಂಪು ಮೊದಲು ಬರುತ್ತಿದ್ದದ್ದು ಕುಸುಬೆ ಹೂವಿನಿಂದ, ನಮ್ಮ ವಿಜಯಪುರದ ಕಡೆ ಎಣ್ಣೆಗೆ ಬೆಳೆಯುತ್ತಾರಲ್ಲ, ಅದೇ ಕುಸುಬೆ. ಆಮೇಲೆ ಕೆಮಿಕಲ್ ಬಣ್ಣ ಬಂತು. ಯಾವುದಾದರೂ ಸರಿ, ನೀರು ತಾಗಿದರೆ ಬಿಡುವ ಭಯ ಇದ್ದೇ ಇದೆ. ನನ್ನ ಕ್ರೌಂಚಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದವು. ಸಾಲದ್ದಕ್ಕೆ ಬಟ್ಟೆ ಚಿರಿಮೆನ್ ಅನ್ನುವ ಕ್ರೇಪ್ ರೇಷ್ಮೆ. ಅದರ ಹೊಕ್ಕಿನ ಎಳೆಗೆ ತುಂಬಾ ಹುರಿ ಕೊಟ್ಟಿರುತ್ತಾರೆ, ಒದ್ದೆಯಾದರೆ ಎಳೆ ಸುರುಟಿಕೊಂಡು ಬಟ್ಟೆ ಕುಗ್ಗುತ್ತದೆ. ಅಸ್ತರು ಮಾತ್ರ ಅಷ್ಟು ಕುಗ್ಗಲ್ಲ. ಒಣಗಿದ ಮೇಲೆ ಅದು ಅಂಚಿನಿಂದ ಹೊರಗೆ ಜೋತು ಬಿದ್ದಿತ್ತು.

ಅರಾಯ್-ಹರಿ, ಅಂದರೆ ಕಿಮೋನೊ ಬಿಚ್ಚಿ ತೊಳೆಯುವ ಕೆಲಸ ಮಾಡುವ ಒಬ್ಬ ಅಜ್ಜಿಯ ಹತ್ತಿರ ಓಡಿದೆ. ಕಿಮೋನೊಗೆ ಸುಮಾರು 12 ಮೀಟರ್ ಉದ್ದ, 36–38 ಸೆಂಟಿಮೀಟರ್ ಅಗಲದ ಒಂದೇ ಥಾನು ಸಾಕು, ಎಲ್ಲಾ ತುಂಡೂ ನೇರ ಕತ್ತರಿ. ಹಾಗಾಗಿ ಹೊಲಿಗೆ ಬಿಚ್ಚಿ, ತುಂಡುಗಳನ್ನು ಮತ್ತೆ ಉದ್ದಕ್ಕೆ ಜೋಡಿಸಿ, ತೊಳೆದು, ಎಳೆದು ಕಟ್ಟಿ ಒಣಗಿಸಿ, ಪುನಃ ಹೊಲಿಯುತ್ತಾರೆ. ಆ ಖರ್ಚು ನಾನು ಕೊಂಡ ಬೆಲೆಗಿಂತ ಜಾಸ್ತಿ ಆಯಿತು, ಆದರೂ ಕಲೆ ಪೂರ್ತಿ ಹೋಗಲಿಲ್ಲ. ಅಜ್ಜಿ ನನ್ನ ಕಿಮೋನೊದಲ್ಲೇ ಇನ್ನೊಂದು ವಿಷಯ ತೋರಿಸಿದರು: ಎಡಕ್ಕೂ ಬಲಕ್ಕೂ ಒಂದೇ ಹಕ್ಕಿ, ಅದೇ ಕಾಲು ಮಡಿಕೆ, ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಅಚ್ಚಿನ ಕೆಲಸ. ಕೈಯಲ್ಲಿ ಬಿಡಿಸಿದ ಯೂಜೆನ್ (ಅಂಟಿನ ಗೆರೆ ಎಳೆದು ಒಳಗೆ ಬಣ್ಣ ತುಂಬುವ ಕೆಲಸ) ಆದರೆ ಅಂಟು ಹಚ್ಚಿದ ಜಾಗದ ಬಿಳಿ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುತ್ತಂತೆ.

ಸೀರೆ ಕೊಳ್ಳುವಾಗ ಸೆರಗು ತಿರುಗಿಸಿ ನೋಡ್ತೀವಿ ಅಲ್ವಾ, ಇಲ್ಲೂ ಅಂಚು ಮಗುಚಿ ಒಳಗೆ ನೋಡಿ. ಕೆಂಪು ಅಸ್ತರು ಇದ್ದರೆ ಉಟ್ಟು ಬೆವರುವ ಆಸೆ ಕೂಡ ಬಿಡಿ, ಗೋಡೆಗೆ ತೂಗುಹಾಕಲು ಮಾತ್ರ ತಗೊಳ್ಳಿ. ವಾಸನೆಗೆ ನೆರಳಲ್ಲಿ ಗಾಳಿಗೆ ಹಾಕಿ, ಸಾಕು.

ಮುಂದಿನ ತಿಂಗಳು 21ಕ್ಕೆ ಜಗಳಕ್ಕೆ ಅಂತಲೇ ಹೋದೆ. ಆ ಮಾರುವವನು ಯಾರೋ ಹುಡುಗಿಗೆ ಇನ್ನೊಂದು ಕೆಂಪು ಅಸ್ತರಿನದನ್ನು ತೋರಿಸುತ್ತಾ ಅದೇ ತಣ್ಣೀರಿನ ಮಾತು ಹೇಳುತ್ತಿದ್ದ.