ತಿಪಟೂರಿನಿಂದ ಬೆಂಗಳೂರಿಗೆ: ನನ್ನ ಓಟು ಪ್ಯಾಸೆಂಜರಿಗೆ

ಮೊದಲೇ ಹೇಳಿಬಿಡುತ್ತೇನೆ, ತಿಪಟೂರಿನಿಂದ ಬೆಂಗಳೂರಿಗೆ ಹೋಗಲು ನನಗೆ ಪ್ಯಾಸೆಂಜರ್ ಗಾಡಿಯೇ ಆಗಬೇಕು. ಮಿಕ್ಕವನ್ನೆಲ್ಲ ಹತ್ತಿ ಇಳಿದು, ಒಂದರಲ್ಲಿ ದಂಡವನ್ನೂ ಕಟ್ಟಿ ಬಂದ ಮೇಲಿನ ಮಾತು ಇದು. ದಂಡದ ರಸೀದಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ, ಚಿಲ್ಲರೆ ಬಟ್ಟಲಿನ ಕೆಳಗೆ ಇನ್ನೂ ಇದೆ.

ನನ್ನದು ಚಿಕ್ಕ ಸ್ಟೇಷನರಿ ಅಂಗಡಿ. ಶಾಲೆ ಮಕ್ಕಳ ನೋಟ್‌ಬುಕ್ಕು ಒಂದು ಕಡೆ, ಕೊಬ್ಬರಿ ಮಂಡಿಗಳಿಗೆ ಬೇಕಾಗುವ ಲೆಡ್ಜರು, ಬಿಲ್‌ ಬುಕ್ಕು, ಕಾರ್ಬನ್ ಹಾಳೆ ಇನ್ನೊಂದು ಕಡೆ. ತಿಂಗಳಿಗೆ ಎರಡು ಸಲ ಅವೆನ್ಯೂ ರೋಡಿನ ಹೋಲ್‌ಸೇಲ್ ಅಂಗಡಿಗಳಿಗೆ ಹೋಗಿ ಬರುತ್ತೇನೆ. ಹೋಗುವಾಗ ಮಲ್ಲೇಶ್ವರದ ಅಕ್ಕನ ಮನೆಗೆಂದು ತೆಂಗಿನಕಾಯಿ ಚೀಲ, ಬರುವಾಗ ಕಾಗದದ ಬಂಡಲು. ಕಾಗದದ ತೂಕ ಹೊತ್ತವರಿಗೇ ಗೊತ್ತು, ಕಬ್ಬಿಣವೇ ಮೇಲು. ಅಕ್ಕನ ಮನೆಯಲ್ಲಿ ಒಂದು ರಾತ್ರಿ ಉಳಿಯುತ್ತೇನೆ, ಹಾಗಾಗಿ ಇಂಥ ಗಂಟೆಗೇ ಮುಟ್ಟಬೇಕೆನ್ನುವ ಅವಸರ ನನಗಿಲ್ಲ. ಹತ್ತು ಗಂಟೆಗೆ ಆಫೀಸಿನಲ್ಲಿ ಬೆರಳು ಒತ್ತಬೇಕಾದವರು ಮುಂದಿನದನ್ನು ಆ ಲೆಕ್ಕದಲ್ಲೇ ಓದಿಕೊಳ್ಳಿ.

ನಮ್ಮೂರಿಂದ ಬೆಂಗಳೂರಿಗೆ ಹೋಗಲು ನಾನು ಪ್ರಯೋಗ ಮಾಡಿದ್ದು ನಾಲ್ಕು ದಾರಿ: ಪ್ಯಾಸೆಂಜರು, ಉತ್ತರದ ಕಡೆಯಿಂದ ಬರುವ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ, ಮುಂಗಡ ಕಾಯ್ದಿರಿಸಿದ ಸೀಟು, ಮತ್ತು ಕೆಂಪು ಬಸ್ಸು. ಧಾರವಾಡದ ವಂದೇ ಭಾರತ್ 2023ರ ಜೂನಿನಿಂದ ಇದೇ ಹಳಿಯ ಮೇಲೆ ಓಡುತ್ತಿದ್ದರೂ ಲೆಕ್ಕಕ್ಕಿಲ್ಲ. ನಮ್ಮ ಪ್ಲಾಟ್‌ಫಾರಂನಲ್ಲಿ ಒಣಹಾಕಿದ ಪಂಚೆಯಿದ್ದರೆ ಹಾರುತ್ತದೆ, ಅಷ್ಟೇ.

ಇಷ್ಟು ವರ್ಷ ಓಡಾಡಿ ನಾನು ಕಲಿತದ್ದು ಒಂದು ವಿಷಯ. ಗಾಡಿ ಎಷ್ಟು ಬೇಗ ಓಡುತ್ತದೆ ಅನ್ನುವುದನ್ನು ಬೆಂಗಳೂರಿನವರು ನೋಡಲಿ. ನಮ್ಮಂಥ ನಡುದಾರಿಯ ಊರಿನವರು ನೋಡಬೇಕಾದ್ದು ಗಾಡಿ ಎಲ್ಲಿ ಹುಟ್ಟುತ್ತದೆ ಅಂತ. ಹುಬ್ಬಳ್ಳಿಯಲ್ಲೋ ಅದರಾಚೆಯೋ ಹುಟ್ಟಿದ ಗಾಡಿ ದಾವಣಗೆರೆ, ಬೀರೂರು, ಅರಸೀಕೆರೆಯ ಜನರನ್ನೆಲ್ಲ ತುಂಬಿಕೊಂಡು ನಮ್ಮಲ್ಲಿಗೆ ಬರುವ ಹೊತ್ತಿಗೆ ಬಾಗಿಲಲ್ಲೇ ನಾಲ್ಕು ಜನ ಕೂತಿರುತ್ತಾರೆ. ಶಿವಮೊಗ್ಗದ ಕಡೆಯದೂ ಅಷ್ಟೇ. ಅರಸೀಕೆರೆಯಲ್ಲಿ ಹುಟ್ಟುವ ಪ್ಯಾಸೆಂಜರಿಗೆ ನಮ್ಮೂರು ಬರೀ 25 ಕಿಲೋಮೀಟರು. ತಿಪಟೂರಿಗೆ ಬಂದಾಗ ಅದಿನ್ನೂ ಅರೆಹೊಟ್ಟೆಯಲ್ಲಿರುತ್ತದೆ. ಹತ್ತಿ, ಚೀಲವನ್ನು ಸೀಟಿನ ಕೆಳಗೆ ತಳ್ಳಿ, ಕಿಟಕಿ ಪಕ್ಕ ಕೂತರೆ ಮುಗಿಯಿತು. ಬರುವಾಗಲೂ ಅದು ಬೆಂಗಳೂರಿನಲ್ಲೇ ಹುಟ್ಟುವ ಗಾಡಿ. ಅರ್ಧ ಗಂಟೆ ಮುಂಚೆ ಹೋದರೆ ಬಂಡಲುಗಳನ್ನು ಒಂದೊಂದಾಗಿ ಒಳಗಿಟ್ಟು ಕೂರಬಹುದು. ಎರಡನೇ ದರ್ಜೆಗೆ ತಲೆಗೆ 35 ಕೆಜಿವರೆಗೆ ಸಾಮಾನಿಗೆ ದುಡ್ಡಿಲ್ಲ. ನನ್ನ ಖರೀದಿಯನ್ನು ನಾನು ಆ ತೂಕಕ್ಕೇ ಕತ್ತರಿಸಿಕೊಂಡಿದ್ದೇನೆ.

ಇನ್ನು ಆ ದಂಡದ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನಂತೆ ಎಡವುವವರು ಇನ್ನೂ ಇದ್ದಾರೆ.

ಕೊರೊನಾ ಕಾಲದಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳು ಮತ್ತೆ ಶುರುವಾದಾಗ ಹೆಸರಿನಲ್ಲಿ ಎಕ್ಸ್‌ಪ್ರೆಸ್ ಆಗಿ ಬಂದವು. ಓಟ ಅದೇ, ನಿಲ್ಲುವುದೂ ಅದೇ, ದರ ಮಾತ್ರ ಎಕ್ಸ್‌ಪ್ರೆಸ್ಸಿನದು. ಹತ್ತು ರೂಪಾಯಿ ಇದ್ದ ಕನಿಷ್ಠ ದರ 30 ಆಯಿತು. ಬೈದುಕೊಂಡೇ ಕೊಟ್ಟೆವು. ಅದರಲ್ಲಿ ಒಂದು ಅನುಕೂಲವಿತ್ತು: ಪ್ಯಾಸೆಂಜರಿಗೂ ಎಕ್ಸ್‌ಪ್ರೆಸ್ಸಿಗೂ ಕೌಂಟರಿನಲ್ಲಿ ಒಂದೇ ಟಿಕೆಟ್ಟು. ಯಾವುದು ಮೊದಲು ಬಂತೋ ಅದನ್ನು ಹತ್ತುವುದು. ಮೂರು ವರ್ಷ ಹೀಗೇ ನಡೆದು ನನಗೆ ಅದು ಚಟವಾಗಿಹೋಗಿತ್ತು. 2024ರ ಫೆಬ್ರವರಿ ಕೊನೆಗೆ ಹಳೆಯ ಆರ್ಡಿನರಿ ದರ ವಾಪಸು ಬಂತು. ಪೇಪರಿನಲ್ಲಿ ಓದಿದೆ, ಖುಷಿಪಟ್ಟೆ. ದರ ಬೇರೆಯಾದರೆ ಟಿಕೆಟ್ಟಿನ ಜಾತಿಯೂ ಬೇರೆಯಾಗುತ್ತದೆ ಅನ್ನುವುದು ಮಾತ್ರ ಈ ತಲೆಗೆ ಹೊಳೆಯಲಿಲ್ಲ.

ಅದೇ ವರ್ಷದ ಮೇ ತಿಂಗಳು. ಶಾಲೆ ಶುರುವಾಗುವ ಮುಂಚಿನ ಖರೀದಿ, ನನಗೆ ವರ್ಷದಲ್ಲಿ ಅದೊಂದೇ ಅವಸರದ ಸಮಯ. ಕೌಂಟರಿನಲ್ಲಿ ಪ್ಯಾಸೆಂಜರಿಗೆ ಟಿಕೆಟ್ ಕೊಂಡು ಕಲ್ಲುಬೆಂಚಿನ ಮೇಲೆ ಕೂತೆ. ಗಾಡಿ ತಡ ಎಂದು ಕೂಗಿದರು. ಕೂತೆ. ಮತ್ತೆ ಕೂಗಿದರು. ಅಷ್ಟರಲ್ಲಿ ತಡವಾಗಿ ಓಡುತ್ತಿದ್ದ ಯಾವುದೋ ಎಕ್ಸ್‌ಪ್ರೆಸ್ಸು ಬಂದು ನಿಂತಿತು. ಜನರಲ್ ಬೋಗಿ ಗಾಡಿಯ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಇಪ್ಪತ್ತು ತೆಂಗಿನಕಾಯಿ ಹೆಗಲ ಮೇಲಿಟ್ಟುಕೊಂಡು ಓಡಿದೆ. ಗಾಡಿ ನಿಲ್ಲುವುದು ಎರಡು ನಿಮಿಷ. ಯಾರೋ ಪುಣ್ಯಾತ್ಮ ಚೀಲ ಎಳೆದುಕೊಂಡ, ಇನ್ಯಾರೋ ನನ್ನನ್ನು ಎಳೆದುಕೊಂಡರು. ಗುಬ್ಬಿ ಬರುವವರೆಗೂ ಒಂದೇ ಕಾಲಿನ ಮೇಲೆ, ಟಾಯ್ಲೆಟ್ಟಿನ ಬಾಗಿಲಿಗೆ ಒರಗಿ ನಿಂತಿದ್ದೆ. ಒಳಗಿಂದ ಯಾರಾದರೂ ಬಾಗಿಲು ತೆಗೆದಾಗಲೆಲ್ಲ ಮುಂದಿನವರ ಬೆನ್ನಿಗೆ ಮುಖ.

ತುಮಕೂರಿನಲ್ಲಿ ಕೊಂಚ ಜಾಗವಾಯಿತು ಅನ್ನುವಷ್ಟರಲ್ಲಿ ಟಿಕೆಟ್ ನೋಡುವವರು ಬಂದರು. ಧೈರ್ಯವಾಗಿ ತೆಗೆದು ಕೊಟ್ಟೆ.

"ಯಜಮಾನ್ರೇ, ಇದು ಪ್ಯಾಸೆಂಜರ್ ಟಿಕೆಟ್ಟು."

"ರೈಲಿಂದೇ ಅಲ್ವಾ ಸಾರ್?"

"ರೈಲಿಂದೇ. ಈ ರೈಲಿಂದಲ್ಲ."

ಬೆರಳಿಟ್ಟು ತೋರಿಸಿದರು. ಸಣ್ಣ ಅಕ್ಷರದಲ್ಲಿ ಆರ್ಡಿನರಿ ಎಂದು ಅಚ್ಚಾಗಿತ್ತು. ಮೂವತ್ತು ವರ್ಷದಿಂದ ಜನಕ್ಕೆ ಬಿಲ್‌ ಬುಕ್ಕು ಮಾರುವವನು ನನ್ನ ಕೈಯಲ್ಲಿದ್ದ ಚೀಟಿಯನ್ನೇ ಓದಿರಲಿಲ್ಲ. ದರದ ವ್ಯತ್ಯಾಸ, ಅದರ ಮೇಲೆ 250 ರೂಪಾಯಿ. ಅವರು ಜೋರು ಮಾಡಲಿಲ್ಲ, ನಾನೂ ವಾದ ಮಾಡಲಿಲ್ಲ. ಪಕ್ಕದಲ್ಲಿದ್ದ ಮುದುಕರೊಬ್ಬರು, "ಬುಡಿ ಸಾಮಿ, ಒಂದ್ ಚೀಲ ಕಾಯಿ ದುಡ್ಡು ಹೋಯ್ತು ಅನ್ಕಳಿ" ಎಂದರು. ಚೀಲ ನನ್ನ ಕಾಲ ಬುಡದಲ್ಲೇ ಇತ್ತು, ಆ ಮಾತಿನಿಂದ ಸಮಾಧಾನವೇನೂ ಆಗಲಿಲ್ಲ.

ಹಾಗಾಗಿ ತಿಳಿದಿರಲಿ. ಆರ್ಡಿನರಿ ಟಿಕೆಟ್ಟಿಗೆ ಎಕ್ಸ್‌ಪ್ರೆಸ್ ಹತ್ತುವಂತಿಲ್ಲ. ಎಕ್ಸ್‌ಪ್ರೆಸ್ ಟಿಕೆಟ್ಟಿಗೆ ಸೂಪರ್‌ಫಾಸ್ಟ್ ಹತ್ತುವಂತಿಲ್ಲ, ಅದಕ್ಕೆ ಇನ್ನೂ 15 ರೂಪಾಯಿ ಸೇರಿಸಿದ ಟಿಕೆಟ್ಟೇ ಬೇಕು. ದೊಡ್ಡ ಟಿಕೆಟ್ಟಿನಲ್ಲಿ ಸಣ್ಣ ಗಾಡಿ ಹತ್ತಿದರೆ ಯಾರೂ ಕೇಳುವುದಿಲ್ಲ. ಯಾವ ಗಾಡಿ ಬರುತ್ತದೋ ಖಾತ್ರಿಯಿಲ್ಲದ ದಿನ ನಾನೀಗ ಎಕ್ಸ್‌ಪ್ರೆಸ್ ಟಿಕೆಟ್ಟೇ ಕೊಳ್ಳುತ್ತೇನೆ. ಆರ್ಡಿನರಿಯ ಎರಡರಷ್ಟು ಆಗುತ್ತದೆ, ಆದರೂ ಬಸ್ಸಿನ ಅರ್ಧ ಮುಟ್ಟುವುದಿಲ್ಲ.

ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯ ಬಗ್ಗೆ ಇನ್ನೇನೂ ಹೇಳುವುದಿಲ್ಲ. ಬರಿಗೈಯವರಿಗೆ, ಇಪ್ಪತ್ತೈದರ ಒಳಗಿನವರಿಗೆ ಅದು ಸರಿ.

ದಂಡದ ಬಿಸಿಯಲ್ಲಿ ಸ್ವಲ್ಪ ಕಾಲ ಮುಂಗಡ ಸೀಟು ಕಾಯ್ದಿರಿಸಿ ಓಡಾಡಿದೆ. ಕೂತು ಹೋಗುವ ಡಿ-ಬೋಗಿ. ಸೀಟು ನನ್ನದೇ, ಬೇಗ ಮುಟ್ಟುತ್ತದೆ, ಒಪ್ಪಿದೆ. ಆದರೆ ಇದು ನಾಳೆಯನ್ನು ಇವತ್ತೇ ತಿಳಿದವರ ಗಾಡಿ. ನನ್ನ ಖರೀದಿ ಹಾಗಲ್ಲ. ಯಾವ ಮಂಡಿಯಲ್ಲಿ ಯಾವಾಗ ಬಿಲ್‌ ಬುಕ್ಕು ಮುಗಿಯುತ್ತದೋ ಯಾರಿಗೆ ಗೊತ್ತು. ಕೊಬ್ಬರಿ ದರ ಏರಿದ ವಾರ ಅಟ್ಟದಲ್ಲಿ ಹತ್ತು ತಿಂಗಳು ಒಣಗಿದ ಉಂಡೆ ಕೊಬ್ಬರಿಯೆಲ್ಲ ಒಟ್ಟಿಗೇ ಮಾರುಕಟ್ಟೆಗೆ ಇಳಿಯುತ್ತದೆ, ಆಗ ಎಲ್ಲರಿಗೂ ಒಂದೇ ದಿನ ರಸೀದಿ ಪುಸ್ತಕ ಬೇಕು. ಸೀಟು ರದ್ದು ಮಾಡಿದರೆ ಈ ದರ್ಜೆಗೆ ತಲೆಗೆ 60 ರೂಪಾಯಿ ಹಿಡಿಯುತ್ತಾರೆ. ನಮ್ಮೂರಿನ ಟಿಕೆಟ್ಟಿನಲ್ಲಿ ಅಷ್ಟು ಹಿಡಿದರೆ ವಾಪಸು ಬರುವುದು ಒಂದು ಕಾಫಿಯ ದುಡ್ಡು. ಎರಡು ಸಲ ರದ್ದು ಮಾಡಿ ಎರಡು ಕಾಫಿ ಕುಡಿದು ಬಿಟ್ಟೆ. ಅಲ್ಲದೆ, ಮೂವರು ಕೂರುವ ಸೀಟಿನ ನಡುವಿನ ಜಾಗವೇ ನನಗೆ ಯಾವಾಗಲೂ ಯಾಕೆ ಬೀಳುತ್ತಿತ್ತೋ.

ಸೀಸನ್ ಪಾಸಿನ ಮಾತು ಒಂದು ಸಾಲಿನಲ್ಲಿ: 150 ಕಿಲೋಮೀಟರಿನ ಒಳಗೆ ಕೊಡುತ್ತಾರೆ, ತಿಪಟೂರು ಆ ಗೆರೆಯ ಒಳಗಿದೆ, ಅರಸೀಕೆರೆ ಹೊರಗಿದೆ, ಅದಕ್ಕೇ ಅಲ್ಲಿರುವ ನನ್ನ ಷಡ್ಡಕನಿಗೆ ನಮ್ಮೂರಿನವರನ್ನು ಕಂಡರೆ ಹೊಟ್ಟೆಕಿಚ್ಚು. ತಿಂಗಳಿಗೆ ಎರಡು ಸಲ ಹೋಗುವ ನನಗೆ ಅದು ಗಿಟ್ಟುವುದಿಲ್ಲ.

ಬಸ್ಸಿನ ಪರ ನಮ್ಮ ಮನೆಯಲ್ಲೇ ಒಬ್ಬ ವಕೀಲರಿದ್ದಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ನನ್ನ ಹೆಂಡತಿ ರೈಲ್ವೆ ಸ್ಟೇಷನ್ನಿನ ದಾರಿ ಮರೆತಿದ್ದಾಳೆ. "ರೀ, ಬಿಟ್ಟಿ ಬಸ್ಸು ಬಿಟ್ಟು ದುಡ್ಡು ಕೊಟ್ಟು ಯಾರಾದ್ರೂ ನಿಧಾನಕ್ಕೆ ಹೋಗ್ತಾರಾ?" ಅನ್ನುವುದು ಅವಳ ವಾದ. ಅವಳ ಮಟ್ಟಿಗೆ ಸರಿಯೇ. ನನಗೆ ಬಿಟ್ಟಿಯಲ್ಲ, 2025ರ ಜನವರಿಯಲ್ಲಿ ದರ ನೂರಕ್ಕೆ 15ರಷ್ಟು ಏರಿತು. ಬಿ.ಎಚ್. ರಸ್ತೆಯಲ್ಲಿ ನಿಂತರೆ ಬಸ್ಸಿಗೆ ಬರವಿಲ್ಲ, ಟೈಂಟೇಬಲ್ ನೋಡಬೇಕಿಲ್ಲ, ಇದು ಅದರ ದೊಡ್ಡ ಗುಣ. ತುಮಕೂರಿನವರೆಗೆ ದೂರು ಹೇಳುವಂಥದ್ದೇನಿಲ್ಲ. ನೆಲಮಂಗಲ ದಾಟಿದ ಮೇಲೆ ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸು ಹೆಜ್ಜೆ ಎಣಿಸತೊಡಗುತ್ತದೆ, ಗೊರಗುಂಟೆಪಾಳ್ಯದಲ್ಲಂತೂ ಎಂಜಿನ್ನೇ ಆಫ್. ನನಗೆ ಸಕ್ಕರೆ ಕಾಯಿಲೆ. ಗಂಟೆಗೊಮ್ಮೆ ಎದ್ದು ಹೋಗಬೇಕಾದವನಿಗೆ ಗೊರಗುಂಟೆಪಾಳ್ಯದ ಬಸ್ಸು ಎಂಥ ಶಿಕ್ಷೆ ಎಂದು ನಲವತ್ತು ದಾಟಿದವರಿಗೆ ವಿವರಿಸಬೇಕಿಲ್ಲ.

ಒಂದು ನ್ಯಾಯದ ಮಾತು ಹೇಳಬೇಕು. 2024ರ ನವೆಂಬರಿನಲ್ಲಿ ಮೆಟ್ರೋ ಮಾದಾವರದವರೆಗೆ ಬಂದ ಮೇಲೆ ಬಸ್ಸಿನ ಬಲ ಹೆಚ್ಚಿದೆ. ಅಲ್ಲಿ ಇಳಿದು ಹಸಿರು ಮಾರ್ಗ ಹತ್ತಿದರೆ ಎಲ್ಲೂ ಬದಲಾಯಿಸದೆ ನೇರ ಚಿಕ್ಕಪೇಟೆ, ಅವೆನ್ಯೂ ರೋಡಿಗೆ ಅಲ್ಲಿಂದ ನಡೆದುಹೋಗುವಷ್ಟು. ಬರಿಗೈಯಲ್ಲಿ ಹೋದ ಒಂದು ದಿನ ನನಗೇ ಅಚ್ಚರಿಯಾಗುವಷ್ಟು ಬೇಗ ಮುಟ್ಟಿದೆ. ಬರುವಾಗ ನಾಲ್ಕು ಬಂಡಲು ಕಾಗದವನ್ನು ಸ್ಕ್ಯಾನರಿನೊಳಗೆ ತೂರಿಸಿ, ಎಸ್ಕಲೇಟರಿನ ಮೇಲೆ ತಬ್ಬಿಕೊಂಡು, ಮಾದಾವರದಲ್ಲಿ ಇಳಿಸಿ, ತುಂಬಿ ಬರುವ ಬಸ್ಸಿಗೆ ಕೈ ಅಡ್ಡ ಹಾಕುತ್ತ ನಿಂತಾಗ ಆ ಅಚ್ಚರಿ ಕರಗಿತು.

ಪ್ಯಾಸೆಂಜರಿನ ದೋಷ ಮುಚ್ಚಿಡುವುದಿಲ್ಲ. ಎಕ್ಸ್‌ಪ್ರೆಸ್ಸಿಗಿಂತ ಒಂದು ಗಂಟೆಗೂ ಹೆಚ್ಚು ಹೊತ್ತು ತಿನ್ನುತ್ತದೆ. ಜೋಡಿ ಹಳಿ ಬಂದ ಮೇಲೆ ಎದುರು ಗಾಡಿಗೆ ಕಾಯುವುದು ತಪ್ಪಿದೆ, ಹಿಂದಿನಿಂದ ಬರುವ ದೊಡ್ಡವರಿಗೆ ದಾರಿ ಬಿಡುವುದು ತಪ್ಪಿಲ್ಲ. ಬಾಣಸಂದ್ರದಲ್ಲೋ ನಿಟ್ಟೂರಿನಲ್ಲೋ ಪಕ್ಕದ ಲೈನಿಗೆ ಸರಿಸಿ ನಿಲ್ಲಿಸಿದರೆಂದರೆ ನಿಂತಿತು. ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ.

ಆದರೆ ಅಲ್ಲಿ ನಿಂತಾಗಲೇ ಸೌತೆಕಾಯಿಯವಳು ಬುಟ್ಟಿ ಇಳಿಸುತ್ತಾಳೆ. ಕಾಯನ್ನು ಅಂಗೈ ಮೇಲೆ ನಿಲ್ಲಿಸಿ ನಾಲ್ಕು ಸೀಳು ಹಾಕಿ, ಬುಡ ಕತ್ತರಿಸದೆ ಹೂವಿನ ಹಾಗೆ ಬಿಡಿಸಿ, ಉಪ್ಪುಖಾರ ಸವರಿ ಕೊಡುತ್ತಾಳೆ. ಸಕ್ಕರೆಯವನಿಗೆ ಡಾಕ್ಟರು ಒಪ್ಪುವ ತಿಂಡಿ ಇಡೀ ದಾರಿಯಲ್ಲಿ ಇದೊಂದೇ. ಅಮ್ಮಸಂದ್ರದ ಸಿಮೆಂಟಿನ ಚಿಮಣಿ, ಗುಬ್ಬಿ, ಆಮೇಲೆ ತುಮಕೂರು. ಕ್ಯಾತ್ಸಂದ್ರದಲ್ಲಿ ಸಿದ್ಧಗಂಗೆಗೆ ಹೋಗುವವರು ಇಳಿಯುತ್ತಾರೆ, ಕಾಲು ಚಾಚಲು ಜಾಗವಾಗುತ್ತದೆ. ಕೊನೆಗೆ ಯಶವಂತಪುರದಲ್ಲಿ ಅರ್ಧ ಗಾಡಿ ಖಾಲಿ, ಮುಂದಿನ ನಿಲ್ದಾಣವೇ ಮಲ್ಲೇಶ್ವರ. ಅಕ್ಕನ ಮನೆ ಅಲ್ಲಿಂದ ಆಟೋಗೆ ಕನಿಷ್ಠ ದರ. ಅವಳು ಬಾಗಿಲು ತೆಗೆದು, ನನ್ನ ಮುಖ ನೋಡುವ ಮುಂಚೆ ಚೀಲ ನೋಡಿ, "ಜುಟ್ಟು ಕಿತ್ತಿಲ್ಲ ತಾನೇ? ಪೂಜೆಗೆ ಬೇಕು" ಎನ್ನುತ್ತಾಳೆ.

ನಿಮ್ಮ ಲೆಕ್ಕ ನನ್ನದಲ್ಲ. ಸಾಮಾನಿಲ್ಲದೆ ಹೋಗುವವರು, ಅದರಲ್ಲೂ ಹೆಂಗಸರು, ಬಸ್ಸು ಹತ್ತಿ ಮಾದಾವರದಲ್ಲಿ ಇಳಿಯಿರಿ. ತಾರೀಖು ಗೊತ್ತಿರುವ ಮದುವೆ, ಪರೀಕ್ಷೆ, ಆಸ್ಪತ್ರೆ ಇದ್ದರೆ ಸೀಟು ಕಾಯ್ದಿರಿಸಿ. ಈಗ 60 ದಿನ ಮುಂಚಿನಿಂದ ಮಾತ್ರ ಸಿಗುತ್ತದೆ. ಮೂಟೆಯಿದ್ದು ಅವಸರ ಇಲ್ಲದಿದ್ದರೆ ನನ್ನ ಪಕ್ಕ ಬಂದು ಕೂರಿ, ಟಿಕೆಟ್ಟಿನ ಮೇಲಿನ ಸಣ್ಣ ಅಕ್ಷರ ಓದಿಕೊಂಡು.

ಮುಂದಿನ ಗುರುವಾರ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ, ನಾನೂ ನನ್ನ ಹೆಂಡತಿಯೂ ಹೋಗಲೇಬೇಕು. ಅವಳು ಬಸ್ಸಿಗೆ, ನಾನು ಪ್ಯಾಸೆಂಜರಿಗೆ. ತೆಂಗಿನಕಾಯಿ ಚೀಲ ನನ್ನ ಜೊತೆ ಎಂದು ನಿನ್ನೆ ರಾತ್ರಿಯೇ ತೀರ್ಮಾನವಾಗಿದೆ.