ಓವನ್ ಬೋರ್ಡ್ ಹೋಗಿದೆ ಅಂದ್ರೆ ದುಡ್ಡು ಕೊಡೋ ಮುಂಚೆ ಸೆನ್ಸರ್ ಚೆಕ್ ಮಾಡ್ಸಿ

ಮನೇಲಿ ಕೇಕ್ ಮಾಡಿ ಆರ್ಡರ್ ಕೊಡೋರು, ಗೋಡೆಲಿ ಕೂರ್ಸಿರೋ ದೊಡ್ಡ ಕರೆಂಟ್ ಓವನ್ ಇರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ನಂಗೆ 14,000 ರೂಪಾಯಿ ಹೋಯ್ತು, ನಿಮ್ದು ಹೋಗೋದು ಬೇಡ.

ನಮ್ದು ಮೈಸೂರು. ಓವನ್ ತಗೊಂಡು ಐದು ವರ್ಷ ಆಯ್ತು, ವಾರಂಟಿ ಮುಗ್ದಿದೆ. 180ಕ್ಕೆ ಇಟ್ಟು 40 ನಿಮಿಷಕ್ಕೆ ಆಗ್ತಿದ್ದ ಸ್ಪಾಂಜ್ ಕೇಕು ಒಂದು ಗಂಟೆ ಆದ್ರೂ ಬೇಯ್ತಾ ಇರ್ಲಿಲ್ಲ, ಮೇಲೆ ಬಣ್ಣಾನೇ ಬರ್ತಿರ್ಲಿಲ್ಲ, ಮೊದ್ಲು ನಾನೂ ಮೈದಾ ಸರಿ ಇಲ್ವೇನೋ ಬೇಕಿಂಗ್ ಪೌಡರ್ ಹಳೇದಾಯ್ತೇನೋ ಅಂತ ಎಲ್ಲಾ ಹೊಸ ಪ್ಯಾಕೆಟ್ ತಂದೆ. ಆಮೇಲೆ ಒಂದು ಮಗು ಬರ್ತ್‌ಡೇಗೆ ಕೊಟ್ಟ ಕೇಕು ಕಟ್ ಮಾಡಿದ್ರೆ ನಡುವೆ ದೋಸೆಹಿಟ್ಟಿನ ಥರ ಚಾಕುಗೆ ಅಂಟ್ಕೊಂಡು ಬಂತಂತೆ. ಮೊಟ್ಟೆ ಹಾಕಿದ್ದ ಕೇಕು, ಯಾರಾದ್ರೂ ಮಕ್ಳು ಅದನ್ನ ತಿಂದು ಹೊಟ್ಟೆ ಕೆಟ್ಟಿದ್ರೆ ಅಂತ ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಸರ್ವಿಸ್‌ನವರು ಬಂದ್ರು, ಅಳತೆ ನೋಡೋ ಮಲ್ಟಿಮೀಟರ್ ಬ್ಯಾಗಿಂದ ಆಚೆ ತೆಗೀಲೇ ಇಲ್ಲ, ಹತ್ತು ನಿಮಿಷ ಬಟನ್ ಒತ್ತಿ ನೋಡಿ "ಬೋರ್ಡ್ ಹೋಗಿದೆ ಮೇಡಂ" ಅಂದ್ರು. ಬೋರ್ಡ್ ಅಂದ್ರೆ ಓವನ್ ಬಿಸಿ ಕಂಟ್ರೋಲ್ ಮಾಡೋ ಎಲೆಕ್ಟ್ರಾನಿಕ್ ಬೋರ್ಡು, 14,000 ಕೊಟ್ಟು ಹೊಸದು ಹಾಕಿಸ್ದೆ. ಹಳೇ ಬೋರ್ಡು ಅವರೇ ತಗೊಂಡು ಹೋದ್ರು, ಅದನ್ನ ಬಿಟ್ಟಿದ್ದು ನನ್ನ ದೊಡ್ಡ ತಪ್ಪು. ಮಾರನೇ ದಿನ ಕೇಕ್ ಇಟ್ರೆ ಮತ್ತೆ ಅದೇ ಹಸಿ. ಫೋನ್ ಮಾಡಿದ್ರೆ ಸೆಟ್ಟಿಂಗ್‌ನಲ್ಲಿ 20 ಡಿಗ್ರಿ ಜಾಸ್ತಿ ಮಾಡ್ಕೊಳ್ಳಿ ಸರಿ ಹೋಗುತ್ತೆ ಅಂದ್ರು. ದಯವಿಟ್ಟು ಹಾಗೆ ಮಾಡ್ಬೇಡಿ, ಅದು ಕಾಯಿಲೆ ಮುಚ್ಚಿಟ್ಟ ಹಾಗೆ, ದೋಷ ಜಾಸ್ತಿ ಆಗ್ತಾ ಹೋದ್ರೆ ನಿಮಗೆ ಗೊತ್ತೇ ಆಗಲ್ಲ.

ನಮ್ಮ ಭಾವ ಐಟಿಐಲಿ ಎಲೆಕ್ಟ್ರಿಷಿಯನ್ ಟ್ರೇಡ್ ಪಾಠ ಮಾಡ್ತಾರೆ. ಅವರು ಬಂದು ಮೊದ್ಲು ಸಕ್ಕರೆ ಕೇಳಿದ್ರು. ಸಕ್ಕರೆ ಸುಮಾರು 186 ಡಿಗ್ರಿಗೆ ಕರಗುತ್ತೆ, ಓವನ್ 200ಕ್ಕೆ ಇಟ್ಟು ಚೆನ್ನಾಗಿ ಬಿಸಿ ಆದ್ಮೇಲೆ ಫಾಯಿಲ್ ಮೇಲೆ ಒಂದು ಚಮಚ ಇಟ್ವಿ, ಕಾಲು ಗಂಟೆ ಆದ್ರೂ ಬಿಳೀ ಹರಳು ಹಂಗೇ ಕೂತಿತ್ತು. "ನೋಡಮ್ಮ, ಇದು 200 ಅಂತ ಸುಳ್ಳು ಹೇಳ್ತಿದೆ" ಅಂದ್ರು. ಮಾರನೇ ದಿನ ಬೆಳಿಗ್ಗೆ ತಣ್ಣಗಿರೋ ಓವನ್ ಆನ್ ಮಾಡಿದ್ರೆ ಡಿಸ್ಪ್ಲೇಲಿ ಒಳಗಿನ ಬಿಸಿ 59 ಅಂತ ತೋರಿಸ್ತು, ಅಡುಗೆಮನೆ ಇದ್ದಿದ್ದು 28. ಇಷ್ಟು ನೋಡೋಕೆ ಆ ಟೆಕ್ನಿಷಿಯನ್‌ಗೆ ಎರಡು ನಿಮಿಷ ಸಾಕಿತ್ತು, ಅದೇ ನಂಗೆ ತುಂಬಾ ಬೇಜಾರು.

ಮೇನ್ ಬೋರ್ಡಲ್ಲಿ ಓವನ್ ಲೈನಿನ ಎಂಸಿಬಿ ಆಫ್ ಮಾಡಿ (ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲದು, ಗೊತ್ತಿಲ್ದೋರು ಕೈ ಹಾಕ್ಲೇಬೇಡಿ) ಓವನ್ ಆಚೆ ಎಳೆದು ಸೆನ್ಸರ್ ಪ್ಲಗ್ ಬಿಚ್ಚಿದ್ರು. ಸೆನ್ಸರ್ ಅಂದ್ರೆ ಒಳಗೆ ಹಿಂದಿನ ಗೋಡೇಲಿ ಪೆನ್ಸಿಲ್‌ಗಿಂತ ಸಣ್ಣ ಸ್ಟೀಲ್ ಕಡ್ಡಿ ಇರುತ್ತಲ್ಲ ಅದು, ಬಿಸಿ ಏರಿದ ಹಾಗೆ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಕೊಡೋ ತಡೆ, ಅಳೆಯೋದು ಓಮ್‌ನಲ್ಲಿ) ಏರುತ್ತೆ, ಅದನ್ನ ನೋಡಿ ಬೋರ್ಡು ಬಿಸಿ ಮಾಡೋ ಕಾಯಿಲ್ ಆನ್ ಆಫ್ ಮಾಡುತ್ತೆ. ನಮ್ದು ಪಿಟಿ1000 ಅನ್ನೋ ಥರದ ಸೆನ್ಸರ್, ಸೊನ್ನೆ ಡಿಗ್ರಿಲಿ 1000 ಓಮ್, 28 ಡಿಗ್ರಿಲಿ ಸುಮಾರು 1109 ಬರ್ಬೇಕು. ಮೀಟರಲ್ಲಿ ಬಂದಿದ್ದು 1230, ಅದು ಡಿಸ್ಪ್ಲೇ ತೋರಿಸಿದ ಆ 59ರ ಲೆಕ್ಕ. ಅಂದ್ರೆ ಓವನ್ 150ರ ಹತ್ರ ಇರುವಾಗ್ಲೇ 180 ಆಯ್ತು ಅಂದ್ಕೊಂಡು ಕಾಯಿಲ್ ಆಫ್ ಮಾಡ್ತಿತ್ತು, ಬೋರ್ಡ್ ಪಾಪ ಸರಿಯಾಗೇ ಇತ್ತು. ಕಡ್ಡಿ ತುದಿ ಮಾತ್ರ ಕುದಿಯೋ ನೀರಲ್ಲಿ ಅದ್ದಿ ಇನ್ನೊಂದು ಸಲ ನೋಡಿದ್ವಿ, ಮೈಸೂರು ಎತ್ತರದಲ್ಲಿರೋದ್ರಿಂದ ಇಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತೆ, ಅದಕ್ಕೆ 1375 ಹತ್ರ ಬರ್ಬೇಕು, ಇದು 1495 ತೋರಿಸ್ತು. 1,600 ಕೊಟ್ಟು ಹೊಸ ಸೆನ್ಸರ್ ಹಾಕಿದ್ವಿ, ಈಗ 40 ನಿಮಿಷಕ್ಕೆ ಕೇಕ್ ಆಗ್ತಿದೆ.

ಎಲ್ಲಾ ಕಂಪನಿದೂ ಪಿಟಿ1000 ಅಲ್ಲ, ಪಿಟಿ500 ಆದ್ರೆ ಅರ್ಧ ಬರುತ್ತೆ, ನಿಮ್ಮ ಮಾಡೆಲ್‌ದು ಕೇಳ್ಕೊಳ್ಳಿ. ಪ್ಲಗ್ಗಲ್ಲಿ ತುಕ್ಕು ಹಿಡಿದ್ರೂ ಓಮ್ ಜಾಸ್ತಿ ತೋರ್ಸುತ್ತೆ, ಅದನ್ನೂ ನೋಡ್ಸಿ. ಸೆನ್ಸರ್ ಓಮ್ ಕಮ್ಮಿ ತೋರಿಸ್ತಿದ್ರೆ ಇನ್ನೂ ಅಪಾಯ, ಓವನ್ ಮಿತಿ ಮೀರಿ ಕಾಯುತ್ತೆ, ಕೇಕ್ ಸೀದು ಹೋಗುತ್ತೆ, ಅಂಥದ್ದು ಕಂಡ್ರೆ ಬಳಸೋದು ನಿಲ್ಲಿಸ್ಬಿಡಿ. ಹತ್ತು ಡಿಗ್ರಿ ಮೇಲೆ ಕೆಳಗೆ ಆಗ್ತಿರೋದು ಮಾಮೂಲಿ, ಅದಕ್ಕೆ ಗಾಬರಿ ಬೇಡ. ಸಣ್ಣ ಓಟಿಜಿ (ಮೇಜಿನ ಮೇಲಿಡೋ ಓವನ್) ಇರೋರಿಗೆ ಈ ಲೆಕ್ಕ ಬಹುಪಾಲು ಬರಲ್ಲ, ಅದ್ರಲ್ಲಿ ಸಾಮಾನ್ಯವಾಗಿ ಸೆನ್ಸರ್ ಬದ್ಲು ತಾನೇ ಬಿಸಿ ನೋಡಿ ಆನ್ ಆಫ್ ಮಾಡೋ ಥರ್ಮೋಸ್ಟಾಟ್ ಇರೋದು.

ಟೆಕ್ನಿಷಿಯನ್ ಬಂದಾಗ ಸೆನ್ಸರ್ ಓಮ್ ನಿಮ್ಮ ಕಣ್ಣೆದುರಿಗೇ ಅಳೆದು ತೋರ್ಸಿ ಅನ್ನಿ, ಬಿಲ್ ತಗೊಳ್ಳಿ, ಬಿಚ್ಚಿದ ಪಾರ್ಟ್ ಕೊಡ್ಬೇಡಿ. ನಾನು ಈಗ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀನಿ, ಬಿಲ್ಲು, ಮೀಟರ್ ಫೋಟೋ, ಹಳೇ ಸೆನ್ಸರ್ ಎಲ್ಲಾ ಕವರಲ್ಲಿ ಹಾಕಿ ಇಟ್ಟಿದೀನಿ.